ಮನೆಗೊಬ್ಬ ಕುಡುಕ ಬೇಕಾಗಿತ್ತು

ಲಾಂಡ್ರಿಯ ಮೇಲಿನ ಕೋಣೆ
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಪತ್ರವೆಂದ ಮೇಲೆ ಮೊದಲು ನಮ್ಮ ಕ್ಷೇಮ ಹೇಳಿ ಆಮೇಲೆ ಎದುರಿನವರ ಕ್ಷೇಮ ಕೇಳಬೇಕು. ಹೇಳುವುದನ್ನು ಹೇಳಿಬಿಡುತ್ತೇನೆ: ನಾನು ಕ್ಷೇಮ. ಕೇಳುವುದನ್ನು ಈ ಸಲ ಕೇಳುವುದಿಲ್ಲ. ಕೇಳಿದರೆ ನೀನು "ನನಗೇನಾಗಿದೆಯೋ, ಚೆನ್ನಾಗೇ ಇದ್ದೀನಿ" ಅನ್ನುತ್ತೀ. ಆ ಉತ್ತರ ನನಗೆ ಬಾಯಿಪಾಠವಾಗಿದೆ.

ಎರಡು ಬಸ್ಸು ಹತ್ತಿದರೆ ಮುಗಿಯುವ ದೂರದಲ್ಲಿರುವ ತಮ್ಮ ಪತ್ರ ಬರೆಯುವುದೇಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು ನಗುತ್ತೀ. ನೀನು ನಕ್ಕರೆ ನಾನೂ ಏನಾದರೂ ಒಂದು ಹಾರಿಸುತ್ತೇನೆ. ಚಟ ಬಿಟ್ಟರೂ ಚಟಾಕಿ ಬಿಡಲಾಗದವನು ನಾನು. ಇಬ್ಬರೂ ನಕ್ಕು ಫೋನು ಇಟ್ಟ ಮೇಲೆ ನೋಡಿದರೆ, ಹೇಳಬೇಕಾದ ಮಾತು ಬಾಯಲ್ಲೇ ಕುಳಿತಿರುತ್ತದೆ. ಕಾಗದದ ಮೇಲಾದರೆ ನಿನ್ನ ನಗು ನನಗೆ ಕೇಳಿಸುವುದಿಲ್ಲ.

ಸೋಮವಾರದಿಂದ ನಿನ್ನನ್ನು ಮಕ್ಕಳ ವಿಭಾಗಕ್ಕೆ ಹಾಕಿದ್ದಾರಂತೆ. ಆಪರೇಷನ್ ಆದ ಮಕ್ಕಳು ಎಚ್ಚರಗೊಳ್ಳುವ ಕೋಣೆಗೆ ನೀನೇ ಮುಖ್ಯ ಸಿಸ್ಟರ್, ಔಷಧಿ ಕಪಾಟಿನ ಬೀಗದ ಕೈ ನಿನ್ನ ಜೇಬಿನಲ್ಲಿ. ಭಾವ ಹೇಳಿದರು. ಅಭಿನಂದನೆ ಬರೆಯೋಣವೆಂದು ಕೂತೆ. ಬರೆಯಲು ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದೇ ಈ ಪತ್ರ. ಸೋಮವಾರ ನೀನು ಆ ಕೋಣೆಯೊಳಗೆ ಕಾಲಿಡುವ ಮುಂಚೆ ಇದನ್ನು ಕೊನೆಯವರೆಗೆ ಓದಬೇಕು.

ಮೊದಲು ನೀನು ಕೇಳಿದ್ದ ವರದಿ. ಭಾವನ ಕುಡಿತದ ವರದಿ.

ಬೇಸಿಗೆ ಶುರುವಾಗುವ ಹೊತ್ತಿಗೆ ನೀನು ಫೋನು ಮಾಡಿದ್ದು ನೆನಪಿರಬೇಕು. "ಲೋ, ನಿನ್ನ ಭಾವ ಕುಡಿಯೋಕೆ ಶುರು ಮಾಡಿದ್ದಾರೆ ಕಣೋ. ಮನೆ ತುಂಬ ಬಾಟಲಿ. ಕಂಡೋರನ್ನೆಲ್ಲ ಉದ್ಧಾರ ಮಾಡ್ತೀಯಲ್ಲ, ಮನೆಯೋರನ್ನ ಮಾಡು ನೋಡೋಣ" ಎಂದೆ. ಹೇಳುತ್ತ ಹೇಳುತ್ತ ನೀನು ಅತ್ತುಬಿಟ್ಟೆ. ಅಳು ನಿಜವಾದದ್ದೇ ಆಗಿತ್ತು. ಅದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ನೀನು ಯಾವುದಕ್ಕೆ ಅಳುತ್ತಿದ್ದೆ ಎಂಬುದನ್ನು ಮಾತ್ರ ನಾನು ತಪ್ಪಾಗಿ ತಿಳಿದೆ.

ನನ್ನ ಕೆಲಸ ನಿನಗೆ ಗೊತ್ತಿರುವುದೇ. ಬಾಗಿಲ ಹಲಗೆಯ ಮೇಲೆ 'ಚೇತರಿಕೆ ಕೋಚ್' ಎಂದಿದೆ, ಬರುವವರು 'ಅಣ್ಣ' ಅನ್ನುತ್ತಾರೆ, ಅಮ್ಮ ಮಾತ್ರ ನೆಂಟರ ಮುಂದೆ 'ಮೇಷ್ಟ್ರ ಕೆಲಸವೇ, ವಿದ್ಯಾರ್ಥಿಗಳು ಸ್ವಲ್ಪ ದೊಡ್ಡೋರು' ಎಂದು ಮುಗಿಸುತ್ತಾಳೆ. ಕಾಲೇಜಿನಲ್ಲಿ ವ್ಯಾಕರಣ ಹೇಳುತ್ತಿದ್ದಾಗ 'ಮತ್ತು' ನನ್ನ ಪಾಲಿಗೆ ನಾಮಪದವಾಗಿತ್ತು, ಆಮೇಲೆ ಸಂಬಳವೆಲ್ಲ ವ್ಯಯವಾಯಿತು, ಈಗ ಅದು ಬರೀ ಅವ್ಯಯ. ನೀನು ಆಸ್ಪತ್ರೆಯ ಚೇತರಿಕೆ ಕೋಣೆಯಲ್ಲಿ, ನಾನು ಲಾಂಡ್ರಿ ಮೇಲಿನ ಚೇತರಿಕೆ ಕೋಣೆಯಲ್ಲಿ. ಅಕ್ಕತಮ್ಮಂದಿರದು ಒಂದೇ ಕಸುಬು ಎಂದು ನೀನೇ ನಗುತ್ತಿದ್ದೆ. ಊರಿಗೆಲ್ಲ ಸಿಸ್ಟರ್ ಆದವಳು ನನಗೊಬ್ಬನಿಗೆ ಅಕ್ಕ ಎಂಬ ಜಂಬ ನನಗಿತ್ತು. ಇದೆ.

ಭಾವ ಮೊದಲ ಗುರುವಾರವೇ ನಮ್ಮ ಗುಂಪಿಗೆ ಬಂದರು. ಕನ್ನಡಕದ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಯ ಹೆಣ್ಣು ನೋಡಲು ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತರು. ಕೆಳಗೆ ಲಾಂಡ್ರಿಯ ಯಂತ್ರ ತಿರುಗಿದಾಗ ನಮ್ಮ ನೆಲ ನಡುಗುತ್ತದಲ್ಲ, ಬೆಚ್ಚಿಬಿದ್ದರು. "ಇದು ನಿಮ್ಮ ನಡುಕ ಅಲ್ಲ ಸಾರ್, ಬೆಡ್‌ಶೀಟ್‌ದು" ಎಂದ ಗುಂಪಿನಲ್ಲಿದ್ದ ಲಾರಿಯವನು. ಎಲ್ಲರೂ ನಕ್ಕರು. ಭಾವ ಎಲ್ಲರಿಗಿಂತ ತಡವಾಗಿ ನಕ್ಕರು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಹೊಸಬರನ್ನು ನಾನು ಏನೂ ಕೇಳುವುದಿಲ್ಲ. ಚಹಾ ಹಂಚಲು ಹೇಳುತ್ತೇನೆ. ತಟ್ಟೆಯ ತುಂಬ ಗಾಜಿನ ಲೋಟ, ಅಂಚಿನವರೆಗೆ ಚಹಾ, ಮೂಲೆಯ ಒಲೆಯಿಂದ ಬಾಗಿಲವರೆಗೆ ನಡೆಯಬೇಕು. ಬಾಯಿ ಹೇಳದ್ದನ್ನು ತಟ್ಟೆ ಹೇಳುತ್ತದೆ. ಕುಡಿದು ಬಂದವನ ಲೋಟ ಒಂದು ಬಗೆಯಲ್ಲಿ ಚೆಲ್ಲುತ್ತದೆ, ಚಟವಿದ್ದೂ ಅಂದು ಕುಡಿಯದೆ ಬಂದವನದು ಇನ್ನೂ ಹೆಚ್ಚು. ನನ್ನ ಮೊದಲ ದಿನ ತಟ್ಟೆಯಲ್ಲೇ ಕೆರೆಯಾಗಿತ್ತು.

ಭಾವ ಚಹಾ ಹಂಚಿದರು. ಕಣ್ಣು ಲೋಟದ ಮೇಲಿರಲಿಲ್ಲ. ಲಾರಿಯವನ ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಅದನ್ನೇ ನೋಡುತ್ತ ನಡೆದರು. ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ಜೇಬಿನಿಂದ ಪುಟ್ಟ ತಿರುಪುಳಿ ತೆಗೆದು, ಇರುವೆಯ ತಲೆಯಷ್ಟಿದ್ದ ಸ್ಕ್ರೂವನ್ನು ಒಂದೇ ಸಲಕ್ಕೆ ಕೂರಿಸಿದರು. ಕೂರಿಸಿ, ತಲೆ ತಗ್ಗಿಸಿ, "ನಾನು ಬೆಳಗ್ಗೆಯಿಂದ ಕುಡೀತಾನೇ ಇದ್ದೀನಿ" ಎಂದರು.

ಲಾರಿಯವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ.

ಮಾರನೆಯ ವಾರ ಅವರು ಕುಡಿಯುವ ರೀತಿ ವಿವರಿಸಿದರು. ವಿಸ್ಕಿಯನ್ನು ಬಿಸಿ ಮಾಡಿ, ಚಮಚ ಜೇನು ಹಾಕಿ, ಊದಿ ಊದಿ ಕುಡಿಯುತ್ತಾರಂತೆ. ನಿವೃತ್ತ ಟೀಚರಮ್ಮ (ಅವರದು ನಿದ್ದೆ ಮಾತ್ರೆಯ ಕಥೆ) ಸೆರಗು ಬಾಯಿಗಿಟ್ಟುಕೊಂಡರು. ಭಾವ ಹೋದ ಮೇಲೆ ಲಾರಿಯವನು, "ಅಣ್ಣಾ, ನಿಮ್ಮ ಭಾವನಿಗೆ ಇರೋದು ಕುಡಿತ ಅಲ್ಲ, ನೆಗಡಿ" ಎಂದ. ನಾವು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಟೀಚರಮ್ಮ ಮೆಲ್ಲಗೆ ಕೇಳಿದರು: "ಅದ್ಸರಿ, ಇಲ್ಲದ ರೋಗಾನ ಮೈಮೇಲೆ ಹಾಕ್ಕೊಳ್ಳೋಕೆ ಅವರಿಗೆ ಏನು ಬಂದಿದೆ?"

ನನಗೂ ಅದೇ ಹುಳ ಹೊಕ್ಕಿತು. ಆ ಭಾನುವಾರ ನಿಮ್ಮ ಮನೆಗೆ ಬಂದೆ. ನೀನು ಬಾಟಲಿಗಳನ್ನು ತೋರಿಸಿದೆ. ಬಟ್ಟೆ ಒಗೆಯುವ ಯಂತ್ರದ ಹಿಂದೆ ಒಂದು, ಚಪ್ಪಲಿ ಗೂಡಿನಲ್ಲಿ ಒಂದು, ಅಡುಗೆಮನೆಯ ಮೇಲಿನ ಡಬ್ಬಗಳ ನಡುವೆ ಒಂದು. ನಾನು ತಲೆಯಾಡಿಸಿದೆ, ಛೇ ಛೇ ಎಂದೆ. ಕಣ್ಣು ಮಾತ್ರ ಬಾಟಲಿಗಳ ತಳದ ಮೇಲಿತ್ತು.

ಅಕ್ಕಾ, ಪ್ರತಿಯೊಂದು ಬಾಟಲಿಯ ತಳದಲ್ಲೂ ಎರಡು ಬೆರಳಿನಷ್ಟು ಉಳಿದಿತ್ತು. ಎರಡು ಬೆರಳು ಉಳಿಸಿ ಬಚ್ಚಿಡುವ ಕುಡುಕ ಇನ್ನೂ ಹುಟ್ಟಿಲ್ಲ. ನಾವು ಬಾಟಲಿಯನ್ನು ತಲೆಕೆಳಗೆ ಹಿಡಿದು, ಕೊನೆಯ ಹನಿ ಬೀಳುವವರೆಗೆ ಕಾದು, ಆಮೇಲೂ ಒಮ್ಮೆ ಒದರಿ ನೋಡುವವರು. ಇನ್ನೊಂದು. ಮೂರೂ ಬೇರೆ ಬೇರೆ ಕಂಪನಿಯವು. ಹೆಸರು ಓದದೆ ಕೈಗೆ ಸಿಕ್ಕಿದ್ದು ಎತ್ತಿಕೊಂಡು ಬಂದವರು ಕೊಂಡಂತಿತ್ತು. ಅವಿತಿಟ್ಟ ಜಾಗಗಳೂ ಹಾಗೆಯೇ. ಕುಡುಕ ತಾನೊಬ್ಬನೇ ಕೈಹಾಕುವ ಕಡೆ ಬಚ್ಚಿಡುತ್ತಾನೆ. ಇವು ನೀನು ದಿನವೂ ಗುಡಿಸಿ ಒರೆಸುವ ಜಾಗಗಳು. ನನಗೆ ತೋರಿಸಲು ಸಿಗಲಿ ಎಂದೇ ಇಟ್ಟವು.

ನೀನು ಇಟ್ಟವು.

ಇದನ್ನು ಅಂದೇ ಕೇಳಬಹುದಿತ್ತು. ಕೇಳಲಿಲ್ಲ. ಗಂಡಹೆಂಡಿರ ನಡುವೆ ಏನೋ ಮುನಿಸು, ಅಪ್ಪನ ಮನೆಯವರ ಮುಂದೆ ಗಂಡನನ್ನು ಸಣ್ಣವನನ್ನಾಗಿ ಮಾಡುವ ಹಟ, ತಾನೇ ತಣ್ಣಗಾಗುತ್ತದೆ ಎಂದುಕೊಂಡೆ. ಬಿಸಿಲು ಸುಡುತ್ತಿದ್ದರೂ ನೀನು ಮಣಿಕಟ್ಟಿನವರೆಗೆ ತೋಳಿರುವ ಅಂಗಿ ತೊಟ್ಟಿದ್ದನ್ನು ಕಂಡೆ. ಚಹಾ ಮಾಡುತ್ತೇನೆಂದು ಒಳಗೆ ಹೋದವಳು ಬಾತ್‌ರೂಮಿನಿಂದ ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖದಲ್ಲಿ ಒಂದು ಶಾಂತಿ ಇತ್ತು. ಮಾತಿನ ನಡುವೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆಸ್ಪತ್ರೆಯ ಸುಸ್ತು ಅಂದೆ. ಬೀದಿಯಲ್ಲಿ ಹೋಗುವವನ ನಡಿಗೆ ನೋಡಿ ಅವನ ಚಟ ಹೇಳುವ ಮಹಾನುಭಾವ, ಎದುರಿಗೆ ಕೂತ ಅಕ್ಕನನ್ನು ನೋಡಿ ಸುಸ್ತು ಅಂದೆ.

ಭಾವ ಬರುವುದು ನಿಲ್ಲಿಸಲಿಲ್ಲ. ನಾನೂ ಬೇಡ ಅನ್ನಲಿಲ್ಲ. ಒಂದಲ್ಲ ಒಂದು ದಿನ ಈ ನಾಟಕ ಯಾಕೆಂದು ಬಾಯಿಬಿಟ್ಟಾರು ಎಂದು ಕಾದೆ. ಗುಂಪಿನವರಿಗೋ ಅವರು ಅಚ್ಚುಮೆಚ್ಚು. ಎಲ್ಲರ ಕನ್ನಡಕವೂ ಪುಕ್ಕಟೆ ರಿಪೇರಿ. ಅದನ್ನೇ ಗುರುದಕ್ಷಿಣೆ ಎಂದುಕೊಂಡು ಅವರೆಲ್ಲ ಸೇರಿ ಪಾಠ ಶುರುಮಾಡಿದರು. "ಹಂಗಲ್ಲ ಸಾರ್, ಬೆಳಗ್ಗೆ ಎದ್ದ ತಕ್ಷಣ ನಾಲಿಗೆ ಹೆಂಗಿರುತ್ತೆ ಗೊತ್ತಾ?" ಎಂದು ಲಾರಿಯವನು, ಮೊದಲ ಗುಟುಕು ಎದೆಗಿಳಿದಾಗ ಜಗತ್ತು ಹೇಗೆ ಕ್ಷಮಿಸಿದಂತಾಗುತ್ತದೆ ಎಂದು ಇನ್ನೊಬ್ಬ. ಭಾವ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು. ಒಳ್ಳೆಯ ವಿದ್ಯಾರ್ಥಿ. ವಾರದಿಂದ ವಾರಕ್ಕೆ ಅವರ ಸುಳ್ಳು ಸುಧಾರಿಸಿತು. ಜೇನುತುಪ್ಪ ಮಾಯವಾಯಿತು.

ಇನ್ನು ಪೇಂಟರನ ವಿಷಯ. ಇಲ್ಲಿಂದ ಮುಂದೆ ನನಗೆ ನಗು ಬರುವುದಿಲ್ಲ, ಬಂದರೂ ನಂಬಬೇಡ.

ಗೋಡೆಗೆ ಬಣ್ಣ ಹೊಡೆಯುವ ನಮ್ಮ ಪೇಂಟರ್ ಏಣಿಯಿಂದ ಬಿದ್ದು ಮಂಡಿ ಒಡೆದುಕೊಂಡ. ಆಪರೇಷನ್ ನಿಮ್ಮಲ್ಲೇ. ಹೋಗುವ ಮುಂಚೆ ನನ್ನ ಬಳಿ ಬಂದು, "ಅಣ್ಣಾ, ನೋವಿಗೆ ಇಂಜೆಕ್ಷನ್ ಕೊಡ್ತಾರಂತೆ. ಮಂಡಿಗಿಂತ ಅದೇ ಭಯ" ಎಂದ. ಡಾಕ್ಟರಿಗೆ ಎಲ್ಲ ಹೇಳು, ಅವರು ಅಳತೆ ನೋಡಿ ಕೊಡುತ್ತಾರೆ, ಆಮೇಲೆ ನನ್ನ ಅಕ್ಕ ಇರುತ್ತಾಳೆ ಎಂದು ಧೈರ್ಯ ಹೇಳಿದೆ. ನಿನಗೆ ಫೋನು ಮಾಡಿ, "ನಮ್ಮ ಹುಡುಗ ಬರ್ತಿದ್ದಾನೆ, ನೋಡ್ಕೋ" ಎಂದೆ. ನಮ್ಮ ಹುಡುಗ ಅಂದೆ, ಅಷ್ಟೇ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಕುಡಿದವರು. ಇವನೂ ಅವರಲ್ಲೊಬ್ಬ ಎಂದು ನೀನು ತಿಳಿದಿರಬೇಕು. ಅವನ ಕಾಗದಗಳನ್ನು ಓದುವ ಸ್ಥಿತಿಯಲ್ಲಿ ನೀನು ಆ ಸಂಜೆ ಇರಲಿಲ್ಲವೋ ಏನೋ.

ಅವನು ಬಾಟಲಿಯವನಲ್ಲ ಅಕ್ಕಾ. ಸೂಜಿಯವನು.

ಊರುಗೋಲು ಹಿಡಿದು ಕಳೆದ ಮಂಗಳವಾರ ಮೆಟ್ಟಿಲು ಹತ್ತಿ ಬಂದ. ಬಂದವನೇ ನನ್ನ ಎರಡೂ ಕೈ ಹಿಡಿದುಕೊಂಡ. "ಅಣ್ಣಾ, ನಿಮ್ಮ ಉಪಕಾರ ಮರೆಯಲ್ಲ. ಆದ್ರೂ ಒಂದು ಮಾತು ಮೊದಲೇ ಹೇಳಬಾರದಿತ್ತಾ?" ಎಂದ. ಯಾವ ಮಾತು ಎಂದೆ. "ಅದೇ, ನಿಮ್ಮಕ್ಕನಿಗೆ ಹೇಳಿ ನನಗೆ ಬರೀ ನೀರು ಚುಚ್ಚಿಸಿದ್ರಲ್ಲ" ಎಂದ.

ನಾನು ಕೂತೆ. ಅವನು ಬಹಳ ಸಂತೋಷದಿಂದ ವಿವರಿಸಿದ. "ಸೂಜಿ ಹೋದ ತಕ್ಷಣ ಗೊತ್ತಾಯ್ತು. ಅದು ಬರೋ ದಾರಿ ನನಗೆ ಗೊತ್ತಿಲ್ವಾ ಅಣ್ಣಾ? ಮೊದಲು ಕತ್ತಿನ ಹಿಂದೆ ಬೆಚ್ಚಗಾಗಬೇಕು. ಏನಿಲ್ಲ. ಓಹೋ, ಅಣ್ಣ ಹೇಳಿದ್ದಾರೆ, ಇವನಿಗೆ ಹಳೇ ರುಚಿ ನೆನಪು ಮಾಡಬೇಡಿ ಅಂತ, ಅಂದ್ಕೊಂಡೆ. ಟವೆಲ್ ಕಚ್ಕೊಂಡು ಮಲಗಿದೆ. ಕೂಗಿದ್ರೆ ನಿಮಗೆ ಅವಮಾನ ಅಲ್ವಾ, ಕೂಗಲಿಲ್ಲ." ಬೆಳಗ್ಗೆ ಬೇರೆ ಸಿಸ್ಟರ್ ಬಂದು ಕೊಟ್ಟದ್ದು ಅಸಲಿಯಂತೆ. ಅಷ್ಟು ಸಾಕು ಎಂದು ಅವನೇ ಬೇಡವೆಂದನಂತೆ. ಇಷ್ಟು ಹೇಳಿ, ನೆನಪಾದವನಂತೆ ಕೇಳಿದ: "ನನ್ನ ಪಕ್ಕದ ಮಂಚದಲ್ಲಿ ಒಂದು ಅಜ್ಜಿ ಇದ್ರು. ಸೊಂಟದ ಆಪರೇಷನ್. ನಿಮ್ಮಕ್ಕ ಅವರಿಗೂ ಕೊಟ್ರು. ಕೊಟ್ಟ ಮೇಲೂ ಅಜ್ಜಿ ಅಳ್ತಾನೇ ಇದ್ರು. ಆ ಅಜ್ಜಿನೂ ನಮ್ಮ ಗುಂಪಿನೋರಾ ಅಣ್ಣಾ?"

ಊರುಗೋಲಿನ ಸದ್ದು ಮೆಟ್ಟಿಲಿಳಿದು ಹೋಗುವವರೆಗೂ ಮುಖದಲ್ಲಿ ನಗು ಹಿಡಿದಿಟ್ಟುಕೊಂಡಿದ್ದೆ.

ಬುಧವಾರ ಸಂಜೆ ಭಾವನ ಅಂಗಡಿಗೆ ಹೋದೆ. ಗಿರಾಕಿಗಳಿರಲಿಲ್ಲ. ಗೋಡೆಯ ತುಂಬ ಗಾಜಿಲ್ಲದ ಕಣ್ಣುಗಳು. ನಾನು ಪೀಠಿಕೆ ಹಾಕಲಿಲ್ಲ, "ಭಾವ, ನೀವು ಯಾರಿಗೋಸ್ಕರ ಕುಡೀತಿದ್ದೀರಿ?" ಎಂದು ಕೇಳಿದೆ. ಅವರು ತಮ್ಮ ಕನ್ನಡಕ ತೆಗೆದು ಒರೆಸಿದರು.

"ಮೂರು ತಿಂಗಳಿಂದ ನೋಡ್ತಿದ್ದೀನಿ. ದೀಪ ಆರಿಸಿದ ಕೋಣೇಲೂ ಅವಳ ಕಣ್ಣಿನ ಪಾಪೆ ಸೂಜಿಮೊನೆಯಷ್ಟೇ ಇರುತ್ತೆ. ನಂದು ಕಣ್ಣು ನೋಡೋ ಕಸುಬು, ಅದು ಮತ್ತಿನ ಔಷಧಿ ಲಕ್ಷಣ ಅಂತ ಗೊತ್ತು. ಬೇರೆ ಯಾರ ಹೆಂಡ್ತಿ ಆಗಿದ್ರೂ ಅವತ್ತೇ ಹೇಳಿರ್ತಿದ್ದೆ" ಎಂದರು. ಆ ಕ್ಷಣದಲ್ಲೂ ನನ್ನ ಹಾಳು ತಲೆಗೆ ಪಾಪೆಯ ಜೊತೆ ಪಾಪವನ್ನು ಜೋಡಿಸುವ ಮಾತು ಹೊಳೆಯಿತು. ನುಂಗಿದೆ.

ರೋಗಿಯೊಬ್ಬರನ್ನು ಎತ್ತುವಾಗ ನಿನ್ನ ಬೆನ್ನು ಹಿಡಿದದ್ದು, ಮೊದಲು ಮಾತ್ರೆ, ಮಾತ್ರೆ ಸಾಲದೆ ಇಂಜೆಕ್ಷನ್ನಿಗೆ ಇಳಿದದ್ದು, ಎಲ್ಲ ಹೇಳಿದರು. ಡ್ಯೂಟಿಗೆ ತಡವಾಗಿ ಬರುತ್ತೀ, ನಿಂತಲ್ಲೇ ತೂಗುತ್ತೀ ಎಂದು ಮೇಟ್ರನ್ ಕರೆದು ಕೇಳಿದಾಗ, ನೀನು ಅವರ ಮುಂದೆ ಅತ್ತು, ಮನೆಯಲ್ಲಿ ಗಂಡ ಕುಡಿಯುತ್ತಾನೆ, ನಿದ್ದೆಯಿಲ್ಲ ಎಂದೆಯಂತೆ. ಮೇಟ್ರನ್ ನಿನ್ನ ಬೆನ್ನು ಸವರಿ, ಹಗುರವಾದ ಕೆಲಸ ನೋಡುತ್ತೇನೆ ಎಂದರಂತೆ. ಮಕ್ಕಳ ವಿಭಾಗ ಅದರ ಫಲ. ಮರುಕಕ್ಕೆ ಸಿಕ್ಕ ಬಡ್ತಿ.

"ಮತ್ತೆ ನೀವು?" ಎಂದೆ.

"ಮನೆಗೊಬ್ಬ ಕುಡುಕ ಬೇಕಾಗಿತ್ತು ಕಣಯ್ಯಾ. ಅವಳಿಗೆ ಕೆಲಸ ಇದೆ, ಸಮವಸ್ತ್ರ ಇದೆ, ಹೆಸರಿದೆ. ನನ್ನ ಹತ್ರ ಏನಿದೆ? ಸ್ಕ್ರೂ. ನಾನೇ ಆದೆ" ಎಂದರು. ಬಾಟಲಿ ಮನೆಗೆ ಬಂದ ದಿನವೇ ಅವರಿಗೆ ಅರ್ಥವಾಗಿತ್ತಂತೆ. ನಿನ್ನನ್ನು ಕೇಳಲಿಲ್ಲ. ನೀನೂ ಹೇಳಲಿಲ್ಲ. ನೀನು ನನಗೆ ಫೋನು ಮಾಡಿ ಅತ್ತದ್ದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡು, ಗುರುವಾರಕ್ಕೆ ಅಂಗಿ ಇಸ್ತ್ರಿ ಮಾಡಿಕೊಂಡರಂತೆ. ಇಬ್ಬರೂ ಒಂದೇ ಸೂರಿನಡಿ, ಒಂದೇ ಸುಳ್ಳಿನ ಎರಡು ತುದಿ ಹಿಡಿದು, ಬೆಡ್‌ಶೀಟ್ ಮಡಚುವವರಂತೆ ಹತ್ತಿರ ಬಂದು ದೂರ ಹೋಗಿದ್ದೀರಿ.

ನಾನು ಪೇಂಟರನ ಮಾತು ಹೇಳಿದೆ. ಟವೆಲಿನ ವಿಷಯ ಹೇಳಿದೆ. ಅಜ್ಜಿಯ ವಿಷಯ ಹೇಳಿದೆ. ಭಾವನಿಗೆ ಅದು ಗೊತ್ತಿರಲಿಲ್ಲ. ನೀನು ಮಿಕ್ಕಿದ್ದನ್ನು, ಚೆಲ್ಲುವುದನ್ನು ತೆಗೆದುಕೊಳ್ಳುತ್ತೀ ಎಂದೇ ತಿಳಿದಿದ್ದರು. "ರೋಗಿಗಳದ್ದಾ?" ಎಂದರು. ಆಮೇಲೆ, "ಸೋಮವಾರ ಮಕ್ಕಳು" ಎಂದರು. ಅವರ ಕೈಯಲ್ಲಿದ್ದ ಸ್ಕ್ರೂ ನೆಲಕ್ಕೆ ಬಿತ್ತು. ಇಬ್ಬರೂ ಮೊಣಕಾಲೂರಿ ಹುಡುಕಿದೆವು. ಸಿಗಲಿಲ್ಲ.

ಅಕ್ಕಾ, ಈಗ ನಿನ್ನ ಜೊತೆ ಮಾತು.

ದೊಡ್ಡವರಾದರೆ ನೋವು ಇಳಿದಿಲ್ಲ ಎಂದು ಹೇಳಬಲ್ಲರು. ಮಗು ಏನು ಹೇಳುತ್ತದೆ? ಅಳುತ್ತದೆ. ಮಕ್ಕಳ ವಾರ್ಡಿನಲ್ಲಿ ಅಳುವ ಮಗುವನ್ನು ಕಂಡು ಯಾರೂ ಔಷಧಿ ಅಸಲಿಯೋ ಎಂದು ನೋಡುವುದಿಲ್ಲ. ತಾಯಿ "ಸಿಸ್ಟರ್, ಸ್ವಲ್ಪ ನೋಡಿ" ಎಂದು ನಿನ್ನನ್ನೇ ಕರೆಯುತ್ತಾಳೆ. ನೀನು ಬಾಗಿ, ಮಗುವಿನ ತಲೆ ಸವರಿ, ಈಗ ಕೊಟ್ಟಿದ್ದೀನಮ್ಮ, ಸರಿಹೋಗುತ್ತೆ ಎನ್ನುತ್ತೀ. ನಿನ್ನ ದನಿ ನನಗೆ ಗೊತ್ತು. ಎಂಥವರೂ ನಂಬುತ್ತಾರೆ. ನನಗೆ ಹೆದರಿಕೆಯಾಗುವುದು ಆ ದನಿಗೆ.

ನೀನು ಕೆಟ್ಟವಳಲ್ಲ ಎಂದು ಬರೆಯಲು ಕೂತರೆ ಇನ್ನೊಂದು ಹಾಳೆ ತುಂಬುತ್ತದೆ. ಅದು ನನಗೂ ಗೊತ್ತು, ನಿನಗೂ ಗೊತ್ತು. ಆ ಮಾತನ್ನೇ ದಿಂಬು ಮಾಡಿಕೊಂಡು ಮಲಗುವುದು ನಮ್ಮಂಥವರ ಹಳೆಯ ಅಭ್ಯಾಸ. ಸೋಮವಾರ ಅಸಲಿ ಕೊಡುತ್ತೇನೆ, ಮಕ್ಕಳಿಗೆ ಹಾಗೆ ಮಾಡುವಷ್ಟು ಕಟುಕಿಯೇ ನಾನು ಎಂದು ನೀನು ಈಗ ಅಂದುಕೊಳ್ಳುತ್ತಿರುತ್ತೀ. ಸೋಮವಾರ ಬೆಳಗ್ಗೆ ಅದು ನಿಜವೇ ಆಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೈ ಬೆವರತೊಡಗಿದಾಗ ನಿನ್ನ ಜೇಬಿನಲ್ಲಿ ಬೀಗದ ಕೈ ಇರುತ್ತದೆ. ಆಗ ನಿನ್ನ ಪರವಾಗಿ ಲೆಕ್ಕ ಹಾಕುವುದು ನೀನಾಗಿರುವುದಿಲ್ಲ.

ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಒಂದು ದಿನ ನೀನು ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದೆ. ನನ್ನನ್ನು ಕಂಡು ನಿಲ್ಲದೆ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. "ನನ್ನ ತಮ್ಮ ಕುಡಿದು ಪಾಠಕ್ಕೆ ಬರ್ತಾನೆ. ನಿಮಗೂ ಗೊತ್ತು. ಜಾಣ ಅಂತ ಸುಮ್ಮನಿದ್ದೀರಿ. ಇವನನ್ನ ಮನೆಗೆ ಕಳಿಸಿ" ಎಂದೆ. ನಾನು ಹೊರಗೆ ಕಾರಿಡಾರಿನಲ್ಲಿ ವಿದ್ಯಾರ್ಥಿಗಳ ನಡುವೆ ನಿಂತಿದ್ದೆ. ಕೆಲಸ ಹೋಯಿತು. ನಿನ್ನನ್ನು ಎಷ್ಟು ಬೈದೆ, ಯಾವ ಯಾವ ಪದ ಬಳಸಿದೆ! ವ್ಯಾಕರಣದ ಮೇಷ್ಟ್ರ ಪದಸಂಪತ್ತೆಲ್ಲ ನಿನಗೇ ಮೀಸಲಾಯಿತು. ನೀನು ದಿನವೂ ಊಟದ ಡಬ್ಬಿ ತಂದು ಮುಚ್ಚಿದ ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದೆ. ಒಮ್ಮೆಯೂ ಕ್ಷಮೆ ಕೇಳಲಿಲ್ಲ.

ನಾನೂ ಕೇಳುವುದಿಲ್ಲ.

ಭಾನುವಾರ ಬೆಳಗ್ಗೆ ಮೇಟ್ರನ್ ಕ್ವಾರ್ಟರ್ಸಿನಲ್ಲಿ ಇರುತ್ತಾರೆ. ನೀನೇ ಹೋಗಿ ಹೇಳಬೇಕು, ನಾನು ಜೊತೆಗಿರುತ್ತೇನೆ. ನೀನು ಬರದಿದ್ದರೂ ನಾನು ಹೋಗುತ್ತೇನೆ. ಕೆಲಸ ಹೋಗಬಹುದು. ಸಮವಸ್ತ್ರ ಹೋಗಬಹುದು. ಪೊಲೀಸರವರೆಗೂ ಹೋಗಬಹುದು, ಹೋಗುವುದಿಲ್ಲ ಎಂದು ಹೇಳಿ ನಿನ್ನನ್ನು ನಂಬಿಸಲಾರೆ. ನಿನಗಾಗಿ ಒಂದು ಹಾಸಿಗೆ ಗೊತ್ತು ಮಾಡಿದ್ದೇನೆ, ಕುಡಿತ ಬಿಡಲು ನಾನು ಮಲಗಿದ್ದ ಕಡೆಯೇ; ಅಲ್ಲಿನ ಡಾಕ್ಟರಮ್ಮ ಕಾಯುತ್ತಿದ್ದಾರೆ. ಅಲ್ಲಿಗೆ ಹೋಗುವವರೆಗೆ ನೀನೇ ವೈದ್ಯೆಯಾಗಿ ಒಮ್ಮೆಲೇ ನಿಲ್ಲಿಸುವ ಸಾಹಸ ಮಾಡಬೇಡ. ಅದರಲ್ಲಿ ಏನಾಗುತ್ತದೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಸಂಜೆ ನೀನು ಡ್ಯೂಟಿಯಿಂದ ಬರುವ ಮುಂಚೆ ನಾನೇ ನಿಮ್ಮ ಬಾಗಿಲ ಕೆಳಗೆ ಸರಿಸುತ್ತೇನೆ. ಭಾವ ಅಂಗಡಿಯಲ್ಲಿರುತ್ತಾರೆ. ನೀನು ಚಪ್ಪಲಿ ಬಿಡುತ್ತಲೇ ಇದನ್ನು ಎತ್ತಿಕೊಳ್ಳುತ್ತೀ, ನಿಂತೇ ಓದುತ್ತೀ. ಓದುತ್ತ ಓದುತ್ತ ನಿನಗೆ ಮೊದಲು ಏನು ಬೇಕೆನಿಸುತ್ತದೆ ಎಂದು ನನಗೆ ಗೊತ್ತು. ಇವತ್ತು ಎಂದಿಗಿಂತ ಹೆಚ್ಚು ಬೇಕೆನಿಸುತ್ತದೆ. ಒಮ್ಮೆಗೇ ಎಲ್ಲವೂ ಬೇಕೆನಿಸುತ್ತದೆ, ಮತ್ತೆ ಏಳದಿರುವಷ್ಟು.

ಕಿಟಕಿಯ ಬಳಿ ಬಾ. ರಸ್ತೆಯಾಚೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿರುವವನು ನಾನೇ. ಅಲ್ಲಿಂದ ನಿಮ್ಮ ಬಾತ್‌ರೂಮಿನ ಗಾಜು ಚೆನ್ನಾಗಿ ಕಾಣುತ್ತದೆ. ಅಲ್ಲಿ ದೀಪ ಹತ್ತಿದರೆ ನಾನು ಮೇಲೆ ಬರುತ್ತೇನೆ. ಭಾವ ಕೊಟ್ಟ ಇನ್ನೊಂದು ಕೀಲಿ ನನ್ನ ಕೈಯಲ್ಲಿದೆ. ದೀಪ ಹತ್ತದಿದ್ದರೂ ಬರುತ್ತೇನೆ, ಸ್ವಲ್ಪ ನಿಧಾನವಾಗಿ. ಬಾಗಿಲು ನೀನೇ ತೆರೆದರೆ ಒಳ್ಳೆಯದು.

ನೀನು ಬೈದರೂ ಹೋಗದ
ನಿನ್ನ ತಮ್ಮ

ತಾ.ಕ.: ಪತ್ರದ ಒಳಗೆ ಇದನ್ನು ಬರೆಯಲು ಕೈ ಏಳಲಿಲ್ಲ. ಬುಧವಾರ ಅಂಗಡಿಯಲ್ಲಿ ಭಾವ ಇನ್ನೊಂದು ಮಾತನ್ನೂ ಹೇಳಿದ್ದರು, ನಗುತ್ತಲೇ: "ನಿಮ್ಮೋರ ಮುಂದೆ ಸಿಕ್ಕಿಬೀಳಬಾರದು ಅಂತ ಒಂದೆರಡು ಸಲ ಕುಡಿದು ನೋಡಿದೆ ಕಣಯ್ಯಾ. ಲಾರಿಯವನು ಹೇಳಿದ ಹಾಗೇ ಇತ್ತು." ನಾನೂ ನಕ್ಕೆ. ಇನ್ನು ನಾಟಕ ಬೇಡ, ಗುಂಪಿಗೆ ಬರುವುದನ್ನು ನಿಲ್ಲಿಸಿ ಎಂದು ಹೇಳಿ ಬಂದೆ. ಆದರೂ ನಿನ್ನೆ ಗುರುವಾರ ಬಂದರು. ಬಾಯಲ್ಲಿ ಪೆಪ್ಪರಮಿಂಟು. ಚಹಾದ ತಟ್ಟೆಯ ಹತ್ತಿರ ಸುಳಿಯದೆ ಬಾಗಿಲ ಪಕ್ಕದ ಕುರ್ಚಿ ಹಿಡಿದರು. ಇಷ್ಟು ವಾರ ಕುಡಿದೆ ಕುಡಿದೆ ಎಂದು ಸುಳ್ಳು ಹೇಳುತ್ತಿದ್ದವರು, ಯಾರೂ ಕೇಳದಿದ್ದರೂ, ಮೊದಲ ಬಾರಿಗೆ "ನಾನು ಕುಡಿದಿಲ್ಲ" ಎಂದರು. ಗುಂಪಿನಲ್ಲಿ ಒಬ್ಬರೂ ನಗಲಿಲ್ಲ.